ಹೊಲಿಗೆ ಬಿಚ್ಚಿದ ದಿನ

೧೪ ನವೆಂಬರ್ ೧೯೭೯, ಬುಧವಾರ. ರಾಜೇಶ್ವರ ಗ್ರಾಮ.

ಅವ್ವನಿಗೆ ಇವತ್ತು ಹೇಳಿಬಿಟ್ಟೆ. ಹೇಳಿದ ಮೇಲೂ ಎದೆ ಹಗುರಾಗಿಲ್ಲ.

ಬೆಳಿಗ್ಗೆ ಹುಮನಾಬಾದಿನ ದವಾಖಾನೆಯಲ್ಲಿ ನನ್ನ ಹೊಲಿಗೆ ಬಿಚ್ಚಿದರು. ಬೀಜದ ಮೇಲೆ ಉಬ್ಬಿದ್ದ ನರಗಳನ್ನು ಕಟ್ಟಿದ್ದಾರೆ. ನಮಗೆ ಮಕ್ಕಳಾಗದಿರಲು ಅವೇ ಕಾರಣವಂತೆ. "ಖಾತ್ರಿ ಹೇಳಾಕ ಬರಂಗಿಲ್ರಿ ಮಾಸ್ತರ. ಆರು ತಿಂಗಳು ತಡೀರಿ, ಆಮ್ಯಾಲ ಮತ್ತ ತಪಾಸಣಿ ಮಾಡೋಣು," ಎಂದರು ಡಾಕ್ಟರು. ಹೆಂಡತಿ ಸರು ತಲೆಯಾಡಿಸಿದಳು. ಇದು ಹರ್ನಿಯಾ ಆಪರೇಷನ್ ಎಂದು ಮನೆಯಲ್ಲಿ ಹೇಳಿದವಳೂ ಅವಳೇ, ನನ್ನ ಮಾನ ಉಳಿಸಲು.

ಕಲ್ಯಾಣಕ್ಕೆ ಹೋಗುವ ಬಸ್ಸಿನಿಂದ ನಮ್ಮೂರಲ್ಲಿ ಇಳಿದು ಮನೆಗೆ ಬಂದು ಊಟಕ್ಕೆ ಕೂತೆ. ಅವ್ವ ರೊಟ್ಟಿ ಬಡಿಯುತ್ತಲೇ ಮಾತು ತೆಗೆದಳು. "ಏಕನಾಥಾ, ಕೊಡಂಬಲದಾಗ ಒಂದು ಹುಡುಗಿ ನೋಡೀನಿ. ಈ ಬಂಜಿನ ಕಟಗೊಂಡು ಎಷ್ಟ ದಿನ ಕುಂಡರ್ತಿ?" ಅಂಗಳದಲ್ಲಿದ್ದ ನೆರೆಯ ಹೆಂಗಸರಿಗೆಲ್ಲ ಕೇಳಿಸಿತು. ಸರು ನನ್ನ ತಾಟಿಗೆ ಪಲ್ಯ ಬಡಿಸುತ್ತಿದ್ದಳು. ನಾನು ಕೈಯಲ್ಲಿದ್ದ ರೊಟ್ಟಿಯನ್ನು ಪೂರ್ತಿ ತಿಂದೆ.

ಆಮೇಲೆ ಹೇಳಿದೆ. "ಅವ್ವಾ, ಸರೂದೇನೂ ತಪ್ಪಿಲ್ಲ. ದೋಷ ನನ್ನಾಗ ಅದ. ಆಪರೇಷನ್ ಆಗಿದ್ದೂ ಅದಕ್ಕ."

ಅವ್ವ ಎದ್ದು ಹೋಗಿ ಬಾಗಿಲು ಮುಚ್ಚಿದಳು. "ಮೆಲ್ಲಕ ಮಾತಾಡೋ, ಮಂದಿ ಕೇಳ್ತಾರ."

ಸರು ಮೊದಲ ಸಲ ಅತ್ತೆಯ ಮುಖವನ್ನು ನೇರವಾಗಿ ನೋಡಿದಳು. "ನನಗ ಬಂಜಿ ಅನ್ನೂವಾಗ ಬಾಗಲಾ ತೆರದೇ ಇರ್ತಿತ್ತಲ್ರಿ ಅತ್ತಿ," ಎಂದಳು.

ಅವ್ವನಿಗಂದ ಆ ಮಾತು ತಾಗಿದ್ದು ನನಗೆ. ತಪಾಸಣೆಯ ಫಲ ಗೊತ್ತಾಗಿ ತಿಂಗಳುಗಳೇ ಕಳೆದಿವೆ. ಬಾಗಿಲು ತೆರೆದಿದ್ದಾಗೆಲ್ಲ ನಾನೂ ಒಳಗೇ ಕೂತಿದ್ದೆನಲ್ಲ, ಎಲ್ಲ ಗೊತ್ತಿದ್ದೂ...