ಸೋತ ಪಂಪು

ಜುಲೈ 14, ಭಾನುವಾರ

ನನ್ನ ಮುದ್ದು ಗುಂಡ,

ಹೇಗಿದ್ದೀಯಪ್ಪ? ನಿನ್ನ ಕಾಗದ ಬಂದು ಎಷ್ಟೋ ದಿನವಾಯ್ತು, ಅಕ್ಕ ಇದ್ದಾಳೋ ಸತ್ತಳೋ ಅಂದ್ಕೊಂಡಿರ್ತೀಯ. ನಿನ್ನ ಭಾವನ್ನ ಡಯಾಲಿಸಿಸ್ಸಿಗೆ ಕರ್ಕೊಂಡು ಹೋಗೋದು, ಬರೋದು, ಉಳಿದ ಹೊತ್ತಲ್ಲಿ ಹೊಲಿಗೆ ಮಿಷನ್ ತುಳಿಯೋದು, ಇಷ್ಟರಲ್ಲೇ ವಾರ ಮುಗಿದುಹೋಗುತ್ತೆ. ಫೋನ್ ಮಾಡೋಣ ಅಂದ್ರೆ ನಮ್ಮದು ಒಂದೇ ಕೋಣೆ, ಎಲ್ಲಾ ಅವರ ಕಿವಿಗೆ ಬೀಳುತ್ತೆ. ಬೇಜಾರು ಮಾಡ್ಕೋಬೇಡ.

ಭಾವನ ಬಾಯಿ ಮಾತ್ರ ಇನ್ನೂ ಜೋರಾಗೇ ಇದೆ. ಊರವರ ನಲ್ಲಿಗಳನ್ನೆಲ್ಲ ರಿಪೇರಿ ಮಾಡಿದವರು, ಈಗ ಗುಟುಕು ನೀರಿಗೂ ನನ್ನ ಕೇಳಬೇಕು. ಹೆಚ್ಚು ಕುಡಿದ್ರೆ ಕಾಲು ಊದಿ ಉಸಿರು ಕಟ್ಟುತ್ತೆ. ನಿನ್ನೆ ಬಚ್ಚಲಲ್ಲಿ ನಲ್ಲಿ ಸದ್ದು ಕೇಳಿ ಓಡಿದೆ. "ಕುಡೀತಿಲ್ಲ ಕಣೇ, ವಾಷರ್ ಹೋಗಿದೆಯಾ ಅಂತ ನೋಡ್ತಿದ್ದೆ" ಅಂದರು. ಗಡ್ಡವೆಲ್ಲ ಒದ್ದೆ! ನಗಬೇಕೋ ಅಳಬೇಕೋ ತಿಳೀಲಿಲ್ಲ. ಬೈದುಬಿಟ್ಟೆ.

ಅವರಿಗೆ ಮೆಟ್ಟಿಲು ಹತ್ತುವಾಗ ಏದುಸಿರು ಬಂದ್ರೆ ರಕ್ತ ಕಡಿಮೆಯಾಗಿರಬೇಕು ಅಂತ ಸುಮ್ಮನಿದ್ವಲ್ಲ, ಅದು ಹೃದಯದ್ದಂತೆ ಕಣೋ. ಡಾಕ್ಟರಮ್ಮ ನನ್ನೊಬ್ಬಳನ್ನೇ ಒಳಗೆ ಕರೆದು, "ಕಿಡ್ನಿ ಕೆಲಸ ನಿಲ್ಲಿಸಿದ್ರೆ ನೀರು, ಬಿ.ಪಿ. ಎಲ್ಲದರ ಭಾರ ಹೃದಯದ ಮೇಲೇ ಬೀಳುತ್ತಮ್ಮ" ಅಂದರು. ನಾವು ಕಿಡ್ನಿ ಕಿಡ್ನಿ ಅಂತ ಜಪ ಮಾಡ್ತಾ ಕೂತ್ವಿ. ಭಾವನ ಭಾಷೆಯಲ್ಲಿ ಹೇಳೋದಾದ್ರೆ, ಮೋರಿ ಕಟ್ಟಿಕೊಂಡಿತು, ಪಂಪು ಸೋತಿತು.

ನಿನ್ನ ಕಿಡ್ನಿ ಹೊಂದುತ್ತೆ ಅಂತ ಗೊತ್ತಾದ ದಿನ ಕುಣಿದಾಡಿದ್ದೆ. ಈಗ ಅವರ ಹೃದಯ ಕಿಡ್ನಿ ಹಾಕೋ ಆಪರೇಷನ್ನನ್ನ ತಡ್ಕೊಳ್ಳೋದಿಲ್ಲವಂತೆ. ಕೊಡೋಕೆ ನೀನಿದ್ದೀಯ, ತಗೊಳ್ಳೋ ಶಕ್ತಿ ಅವರಿಗಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. "ಮಾತ್ರೆಯಲ್ಲಿ ಸುಧಾರಿಸಿದ್ರೆ ನೋಡೋಣ" ಅಂದರು ಡಾಕ್ಟರಮ್ಮ, ನನ್ನ ಮುಖ ನೋಡದೆ. ನಾನೇನು ಮಾಡಲಿ, ನೀನೇ ಹೇಳು.

ಹೊತ್ತು ಹೊತ್ತಿಗೆ ಊಟ ಮಾಡು. ನಿನ್ನ ಹೆಂಡತಿಗೂ ಮಗೂಗೂ ನನ್ನ ಆಶೀರ್ವಾದ. ನನ್ನ ಆಯುಸ್ಸೂ ಸೇರಿಸಿ ನೂರು ಕಾಲ ಬಾಳು.

ನಿನ್ನ
ಅಕ್ಕ

ಇನ್ನೊಂದು ಮಾತು: ಭಾವನಿಗೆ ಇದನ್ನ ಹೇಳೋ ಧೈರ್ಯ ಬರಲಿಲ್ಲ. ಆಪರೇಷನ್ ಯಾವಾಗ ಅಂತ ದಿನಾ ಕೇಳ್ತಾರೆ. ನಿನಗೆ ರಜೆ ಸಿಕ್ಕಿಲ್ಲ ಅಂತ ಹೇಳಿದ್ದೀನಿ. "ಕೊಡೋಕೆ ಮನಸ್ಸಿಲ್ಲ ಅನ್ನಲಿ ನಿನ್ನ ತಮ್ಮ, ರಜೆ ನೆಪ ಯಾಕೆ?" ಅಂತ ನಿನ್ನೆ ಗೋಡೆ ಕಡೆ ತಿರುಗಿ ಮಲಗಿದರು. ಫೋನ್ ಮಾಡಿ ಬೈದ್ರೆ ಬೈಸ್ಕೋ, ಗುಂಡ. ಮುಂದಿನ ತಿಂಗಳು ಖಂಡಿತ ಬರ್ತೀನಿ ಭಾವ ಅನ್ನು.