ಮೊಲಕ್ಕೆಂದು ತಂದ ಸೊಪ್ಪು

ಮನೆಯಿಂದ,
ಹದಿನಾಲ್ಕನೇ ತಾರೀಕು, ಬುಧವಾರ

ಮುದ್ದಿನ ಮೊಮ್ಮಗಳೇ,

ಈ ಮನೆಯಲ್ಲಿ ಮೂರು ತಲೆಮಾರಿಗೆ ಬಡಿಸಿದ ಕೈ ನನ್ನದು. ನಾನಿರುವಾಗ ಇಲ್ಲಿ ಯಾರೂ ಅರೆಹೊಟ್ಟೆಯಲ್ಲಿ ಎದ್ದಿಲ್ಲ. ಇದು ಬೀದಿಗೆಲ್ಲ ಗೊತ್ತು. ಅಂಥವಳ ಮೊಮ್ಮಗಳು ನರ್ಸಿಂಗ್ ಕಲಿಯಲು ಹೋಗಿ, ರೋಗಿಯ ಮಂಚದ ಪಕ್ಕದಲ್ಲೇ ತಲೆಸುತ್ತಿ ಬಿದ್ದಳಂತೆ. ಈಗ ಹೇಗಿದ್ದೀಯ? ಕಣ್ಣು ಕತ್ತಲಿಡುವುದು ನಿಂತಿತೇ? ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಕೋಣೆಯ ಗೆಳತಿ ಫೋನ್ ಮಾಡಿ ಎಲ್ಲ ಹೇಳಿದಳು, ಅವಳನ್ನು ಬೈಯಬೇಡ. ಮೆಸ್ ಬಿಟ್ಟಿದ್ದೀಯಂತೆ, ಚಹಾ ಬಿಸ್ಕತ್ತಿನಲ್ಲಿ ದಿನ ದೂಡುತ್ತಿದ್ದೀಯಂತೆ. ಅಪ್ಪನಿಗೆ ಹೊಲಿಗೆ ಕೆಲಸ ಕಡಿಮೆಯಾಗಿದೆ, ಮನೆಗೆ ಭಾರವಾಗಬಾರದು ಎಂದುಕೊಂಡಿರಬೇಕು. ಮನಸ್ಸು ಒಳ್ಳೆಯದೇ, ಉಪವಾಸ ಬಿದ್ದದ್ದು ಬುದ್ಧಿ. ಹಣ ಉಳಿಸುವುದೆಂದರೆ ಹೊಟ್ಟೆಗೆ ಬೀಗ ಹಾಕುವುದಲ್ಲ ಮಗಳೇ.

ನಾವು ಹೇಗೆ ಉಣ್ಣುತ್ತಿದ್ದೇವೆ ಕೇಳು. ಕೊಳ್ಳುವವರಿಗೆ ಮೂಲಂಗಿಯ ಗಡ್ಡೆ ಸಾಕು, ಸೊಪ್ಪನ್ನು ತರಕಾರಿಯವಳು ಮುರಿದು ಎಸೆಯುತ್ತಾಳೆ. ಅದನ್ನೇ ಬೇಳೆಯೊಡನೆ ಬೇಯಿಸಿದರೆ ನಾಲಿಗೆಗೆ ರುಚಿ, ಮೈಗೆ ಬಲ. ಆದರೆ ಕೇಳಲು ನಿನ್ನ ಅಮ್ಮನಿಗೆ ನಾಚಿಕೆ. ಅತ್ತೆಯಾದ ನನ್ನ ಮರ್ಯಾದೆ ಹೋಗಬಾರದೆಂದು, ಮನೆಯಲ್ಲಿ ಮೊಲ ಸಾಕಿದ್ದೇವೆ ಎಂದು ಹೇಳಿಬಿಟ್ಟಿದ್ದಾಳೆ! ಹೋದ ಭಾನುವಾರ ತರಕಾರಿಯವಳು ಬಾಗಿಲಿಗೇ ಬಂದಳು, ಕಂಕುಳಲ್ಲಿ ಒಂದು ಬಿಳಿ ಮೊಲ. "ಒಂದೇ ಇದ್ರೆ ಪಾಪ ಬೇಜಾರಾಗತ್ತೆ, ಜೊತೆಗಿರ್ಲಿ ಅಂತ ತಂದೆ. ನಿಮ್ದು ಗಂಡೋ ಹೆಣ್ಣೋ ಅಜ್ಜೀ?" ನಿನ್ನ ಅಮ್ಮ ಒಲೆಯ ಕಡೆ ತಿರುಗಿಕೊಂಡಳು. ನಿನ್ನ ಅಪ್ಪನಿಗೆ ಸೂಜಿಯ ಕಣ್ಣೇ ಕಾಣಲೊಲ್ಲದು. ನಾನು ತಲೆ ತಗ್ಗಿಸುವವಳೇ? "ಮೊಲ ಇಲ್ಲಮ್ಮ, ಸೊಪ್ಪು ತಿನ್ನೋರು ನಾವೇ," ಅಂದೆ. ಅವಳು ಆ ಪ್ರಾಣಿಯ ಕಿವಿ ಸವರುತ್ತ, "ನಮ್ಮನೇಲೂ ಅಂಥವೇ ಐದು ಮೊಲ ಇವೆ ಬಿಡಿ," ಅಂದಳು. ನನಗೇ ನಗು ತಡೆಯಲಾಗಲಿಲ್ಲ. ಈಗ ಹೂಕೋಸಿನ ದಂಟು, ಬೀಟ್ರೂಟಿನ ಎಲೆ ಎಲ್ಲ ನಮಗೆ ಎತ್ತಿಡುತ್ತಾಳೆ. ಅವಳ ಮಕ್ಕಳ ಹರಿದ ಬಟ್ಟೆ ನಿನ್ನ ಅಪ್ಪ ಹೊಲಿದು ಕೊಡುತ್ತಾನೆ. ಪುಕ್ಕಟೆಯದನ್ನು ನಾನು ಮುಟ್ಟುವುದಿಲ್ಲ, ನಿನಗೆ ಗೊತ್ತಲ್ಲ. ಮೊಲವನ್ನು ಅವಳೇ ವಾಪಸ್ ಒಯ್ದಳು. ಒಳ್ಳೆಯದಾಯಿತು, ಇಲ್ಲದಿದ್ದರೆ ಅದೂ ಸೊಪ್ಪಿಗೆ ಪಾಲು ಕೇಳುತ್ತಿತ್ತು.

ನೀನೂ ಬಾಯಿಬಿಟ್ಟು ಕೇಳುವುದನ್ನು ಕಲಿ. ಹಿಡಿ ಬೇಳೆ, ಹಿಡಿ ಸೊಪ್ಪು, ನೆನೆಹಾಕಿದ ಕಡಲೆ, ಆದಾಗ ಒಂದು ಮೊಟ್ಟೆ. ಇಷ್ಟು ಉಂಡವಳು ರೋಗಿಯನ್ನು ಎತ್ತಿ ಕೂರಿಸಬಲ್ಲಳು.

ಗಟ್ಟಿಯಾಗಿರು, ಓದಿ ಮುಗಿಸು. ಇದು ನನ್ನ ಆಶೀರ್ವಾದವೂ ಹೌದು, ಅಪ್ಪಣೆಯೂ ಹೌದು.

ನಿನ್ನ ಅಜ್ಜಿ

ತಾ.ಕ.: ನಿನ್ನ ವಾರ್ಡನ್ ಜೊತೆ ನಿನ್ನೆ ನಾನೇ ಫೋನಿನಲ್ಲಿ ಮಾತಾಡಿದೆ. ಮೊದಲು ಅವರು ನಿಯಮ ಹೇಳಿದರು. ಆಮೇಲೆ ನಾನು ಹೇಳಿದೆ. ಹಿಂದಿನ ವರಾಂಡದಲ್ಲಿ ನೀನು ಅಡುಗೆ ಮಾಡಿಕೊಳ್ಳಬಹುದು. ಗೆಳತಿಯ ಹತ್ತಿರ ಸ್ಟೋವ್ ಇದೆಯಂತೆ. ನಮ್ಮ ಕುಕ್ಕರಿನೊಳಗೆ ಬೇಳೆ, ಕಡಲೆ ತುಂಬಿ ಬೆಳಗಿನ ಬಸ್ಸಿಗೆ ಹಾಕಿಸಿದ್ದೇನೆ. ವಾಪಸ್ ಕಳಿಸುವ ಯೋಚನೆ ಬೇಡ. ಇಲ್ಲಿ ಅದರ ಜಾಗದಲ್ಲಿ ಆಗಲೇ ಮುಚ್ಚಳದ ಪಾತ್ರೆ ಕೂತಿದೆ.