ದಪ್ಪ ತಂತಿ

ಅಣ್ಣಾ,

ಈ ಕಾಗದ ನಿನಗೆ ಹಾಕುವ ಧೈರ್ಯ ನನಗಿಲ್ಲ. ಆದರೂ ಹೇಳದಿದ್ದರೆ ಮನಸ್ಸು ತಡೆಯದು.

ನೀನು ಬಿಟ್ಟುಹೋದ ಗಿಟಾರಿನ ತಂತಿಯೊಂದು ತಾನಾಗಿಯೇ ತುಂಡಾಗಿತ್ತು. ಬಸ್ಸಿನಲ್ಲಿ ಯಾರಾದರೂ ತಾಗಿಸಿಬಿಟ್ಟಾರು ಎಂದು ಕೂಸಿನ ಹಾಗೆ ಅವುಚಿಕೊಂಡು ಇವತ್ತು ಅಂಗಡಿಗೆ ಒಯ್ದೆ. ಅಂಗಡಿಯವನು ನೋಡಿ ನಕ್ಕುಬಿಟ್ಟ.

"ತೊಡೆ ಮೇಲೆ ಮಲಗಿಸಿ ನುಡಿಸೋ ಗಿಟಾರಿಗೆ ಇಷ್ಟು ಸಣ್ಣ ತಂತಿನಾ? ಜಾರಿಸೋ ಉಕ್ಕಿನ ತುಂಡು ಮೇಲಿಟ್ಟರೆ ತಂತಿ ಬಗ್ಗತ್ತೆ, ಶ್ರುತಿ ಎಲ್ಲಿ ನಿಲ್ಲತ್ತೆ?"

"ದಪ್ಪ ಹಾಕಿದ್ರೆ ಗಿಟಾರಿನ ಕತ್ತು ಮುರಿಯಲ್ವಾ?"

"ತೊಲೆ ಇದ್ದಂಗಿದೆಯಮ್ಮಾ ಇದು. ಆನೆ ಕಟ್ಟಿದ್ರೂ ಜಗ್ಗಲ್ಲ. ಯಾರು ಹಾಕಿದ್ದು ಇದನ್ನ?"

"ನಮ್ಮಣ್ಣ" ಎಂದುಬಿಟ್ಟೆ.

ನೀನು ದಪ್ಪದ್ದು ತಾ ಎಂದಾಗಲೆಲ್ಲ, ಕತ್ತು ಮುರಿದೀತೆಂದು ಹೆದರಿ, ಸಿಗಲಿಲ್ಲ ಎಂದು ಸುಳ್ಳು ಹೇಳಿ ಸಣ್ಣದನ್ನೇ ತಂದವಳು ನಾನು. ಸ್ವರ ಜಾರಿದಾಗ "ನಿನ್ನ ಕೈಯೇ ನಡುಗ್ತಿದೆ" ಎಂದವಳೂ ನಾನೇ. ನೀನು ಅಂಗೈ ನೋಡಿಕೊಂಡು ಗಿಟಾರನ್ನು ಗೋಡೆಗೆ ಒರಗಿಸಿದ್ದೆ. ಆಮೇಲೆ ಅದನ್ನು ಮುಟ್ಟಲೇ ಇಲ್ಲ.

ದಪ್ಪ ತಂತಿ ಹಾಕಿಸಿಕೊಂಡು ಬಂದೆ. ಮನೆಯಲ್ಲಿ ಒಂದೇ ಒಂದು ಸಲ ಮೀಟಿದೆ. ತುಂಬಿದ ದನಿ, ಎದೆಗೇ ಬಂತು. ಗೋಡೆಯಾಚೆಯಿಂದ ಪಕ್ಕದ ಮನೆಯ ಅಜ್ಜಿ ಕೂಗಿದರು:

"ಏನೇ, ನಿಮ್ಮಣ್ಣ ಬಂದ್ನಾ?"

ತಂತಿಗಳ ಮೇಲೆ ಅಂಗೈ ಒತ್ತಿ ಸದ್ದು ನಿಲ್ಲಿಸಿದೆ.